ಪಳಶ್ಶಿ ಕಥಾನಕದ ಪತಾಕಾನಾಯಕರು

ನಮ್ಮ ನಾಟ್ಯಮೀಮಾಂಸಕರು ಉಪಪಾತ್ರಗಳ ವಿಚಾರವನ್ನು ಉಪೇಕ್ಷಿಸಿದವರಲ್ಲ. ಮುಖ್ಯ ಕಥೆಯೊಡನೆ ಬಹುದೂರ ಸಾಗಿಬರುವ ಪ್ರಾಸಂಗಿಕ ವೃತ್ತವನ್ನು ಪತಾಕೆಯೆಂದೂ, ಒಂದೆಡೆ ತೋರಿ ಮರೆಯಾಗುವುದನ್ನು ಪ್ರಕರಿಯೆಂದೂ ಕರೆದ ದಶರೂಪಕಕಾರ ಧನಂಜಯನು, ಪತಾಕೆಯ ನಾಯಕನು ಪ್ರಧಾನನಾಯಕನಿಗೆ ಅನುಚರನೂ ಭಕ್ತನೂ ಆಗಿದ್ದು, ಗುಣಗಳಲ್ಲಿ ಅವನಿಗಿಂತ ಕಿಂಚಿದೂನನಾಗಿರತಕ್ಕದ್ದೆಂದು ವಿಧಿಸಿದ್ದಾನೆ. ರಾಮನಿಗೆ ಸುಗ್ರೀವನಿದ್ದಂತೆ. ಈ ಲಕ್ಷಣವನ್ನು ವಯನಾಡಿನ ಕಾಡುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಹೋರಾಡಿ ಮಡಿದ ಪಳಶ್ಶಿ ಕೇರಳವರ್ಮರಾಜನ ಚರಿತ್ರೆಗೆ ಅನ್ವಯಿಸಿದಾಗ, ಲಕ್ಷಣವೇ ಸಾಲದೆ ಬರುವುದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

1887ರಲ್ಲಿ ಪ್ರಕಟವಾದ ವಿಲಿಯಂ ಲೋಗನ್ನನ ಮಲಬಾರ್ ಮ್ಯಾನ್ಯುಯಲ್ ಗ್ರಂಥದಲ್ಲಿ ಅತ್ಯಂತ ಸಜೀವವಾದ ಘಟನೆ 1802ರ ಅಕ್ಟೋಬರ್ ತಿಂಗಳಿನದು. ಅದರಲ್ಲಿ ರಾಜನೇ ಇಲ್ಲ. ವಯನಾಡಿನ ಬುಡಕಟ್ಟಿನವನಾದ ಕುರಿಚ್ಯನೊಬ್ಬನ ಮನೆಯಲ್ಲಿ ರಾಜನ ಪಕ್ಷದ ಮುಂದಾಳು ಎಡಚ್ಚೇನ ಕುಂಗನ್ ಕುಳಿತಿರುವಾಗ, ಸರ್ಕಾರದ ಪಕ್ಷದ ಜವಾನನೊಬ್ಬನು ಬಂದು ಭತ್ತ ಕೊಡೆಂದು ಕೇಳುತ್ತಾನೆ. ಕುಂಗನ್ ಅವನನ್ನು ಕೊಂದುಹಾಕುತ್ತಾನೆ. ಇನ್ನು ತಮಗೆ ಅಧಿಕಾರಿಗಳಿಂದ ಉಳಿಗಾಲವಿಲ್ಲವೆಂದು ಬಗೆದ ಆ ನೆರೆಹೊರೆಯ ಕುರಿಚ್ಯರು ತಲಕ್ಕಲ್ ಚಂದುವಿನ ಮುಂದಾಳುತನದಲ್ಲಿ ಕುಂಗನನ್ನು ಕೂಡಿಕೊಂಡು, ಪನಮರದ ಠಾಣೆಯ ಮೇಲೆರಗಿ, ಕ್ಯಾಪ್ಟನ್ ಡಿಕೆನ್‌ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ಲರ ಕೈಕೆಳಗಿದ್ದ 70 ಜನರ ದಳವನ್ನು ನಿರ್ಮೂಲಗೊಳಿಸಿ, 112 ಬಂದೂಕುಗಳನ್ನೂ 6000 ರೂಪಾಯಿಗಳನ್ನೂ ವಶಪಡಿಸಿಕೊಳ್ಳುತ್ತಾರೆ. ಹೆಸರಿಲ್ಲದ ಆ ಜವಾನನ ಬೇಡಿಕೆಯು ವಾಕ್ಯಾರ್ಧದಷ್ಟು ಮಾತ್ರ. ಆದರೂ ಬಿಲ್ಲು ಹಿಡಿದ ಸಮುದಾಯವೊಂದು ಚರಿತ್ರೆಯ ರಂಗವನ್ನು ಪ್ರವೇಶಿಸುವುದು ಆ ಬಾಗಿಲಿನಿಂದಲೇ. ಪ್ರಕರಿಗೆ ಇದಕ್ಕಿಂತ ಉಜ್ಜ್ವಲವಾದ ಉದಾಹರಣೆಯನ್ನು ನಾನರಿಯೆ.

ರಾಜನ ವ್ಯಕ್ತಿತ್ವವಾದರೂ ನಮಗೆ ಪೂರ್ಣವಾಗಿ ಗೋಚರಿಸುವುದು ಅಲ್ಪಪಾತ್ರವೊಂದರ ಇದಿರಿನಲ್ಲಿ. 1805ರ ನವೆಂಬರ್ 30ರಂದು ನಡೆದ ಅಂತ್ಯವನ್ನು ವರದಿಮಾಡಿದ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರನು, ತನ್ನ ಕಚೇರಿಯ ನೌಕರ ಕಣಾರ ಮೇನೋನನು ಅಡ್ಡಗಟ್ಟಿದಾಗ ರಾಜನು ಅವನ ಎದೆಗೆ ಬಂದೂಕನ್ನು ಒಡ್ಡಿದನೆಂದೂ, ಮೃತ್ಯುಮುಖದಲ್ಲಿದ್ದಾಗಲೂ ತನ್ನನ್ನು ಮುಟ್ಟಿ ಮೈಲಿಗೆಗೊಳಿಸಬೇಡವೆಂದು ಘನತೆಯಿಂದ ಕೂಗಿ ನುಡಿದನೆಂದೂ ಬರೆಯುತ್ತಾನೆ. ಪರಾಕ್ರಮ, ಅಭಿಮಾನ, ಕುಲಾಚಾರದ ಕಾಠಿಣ್ಯ, ಇವೆಲ್ಲವೂ ಆ ಒಂದು ಕೂಗಿನಲ್ಲಿವೆ. ಮೇನೋನನಿಲ್ಲದಿದ್ದರೆ ಆ ಕೂಗೇ ಇಲ್ಲ. ಕೊನೆಯವರೆಗೂ ಕಾದಿದ ಅರಳಾತ್ ಕುಟ್ಟಿ ನಂಬಿಯಾದರೋ ಶಾಸ್ತ್ರೋಕ್ತನಾದ ಅನುಚರನೇ ಸರಿ.

ಚಂದು ಅಂಥವನಲ್ಲ. ಅದೇ ನವೆಂಬರ್ 15ರಂದು ಅವನನ್ನು ಕಂಪನಿಯವರು ಮರಣದಂಡನೆಗೆ ಗುರಿಮಾಡಿದ್ದರು. ಅವನ ಹಿಂದೆ ನಿಂತ ಜನರ ಉದ್ದೇಶವು ರಾಜನ ಫಲಪ್ರಾಪ್ತಿಯೊಂದರಲ್ಲಿಯೇ ಮುಗಿಯುವಂಥದಾಗಿದ್ದರೆ, ನಾಯಕನೊಡನೆ ಪತಾಕೆಯೂ ಮುಗಿಯಬೇಕಾಗಿತ್ತು; ಆದರೆ ಅದು ಮುಗಿಯಲಿಲ್ಲ. ಕಿತ್ತೂರಿನ ಚೆನ್ನಮ್ಮರಾಣಿ ಸೆರೆಯಾದ ಮೇಲೂ ಹೋರಾಟವನ್ನು ಮುಂದುವರಿಸಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನು ಲಾವಣಿಗಳಲ್ಲಿ ತಾನೇ ನಾಯಕನಾದುದನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ವಯನಾಡಿನಲ್ಲಿ ಇದು ಒಬ್ಬ ವ್ಯಕ್ತಿಗೆ ಸೀಮಿತವಾಗದೆ ಸಮುದಾಯಕ್ಕೇ ವ್ಯಾಪಿಸಿತು: ರಾಜನು ಮಡಿದು ಏಳನೆಯ ವರ್ಷಕ್ಕೆ, 1812ರಲ್ಲಿ, ಧಾನ್ಯರೂಪದ ಕಂದಾಯವನ್ನು ಬಿಟ್ಟು ಹಣವನ್ನೇ ತೆರಬೇಕೆಂದು ಕಂಪನಿಯು ಪಟ್ಟುಹಿಡಿದಾಗ, ಕುರಿಚ್ಯರೂ ಕುರುಮ ಬುಡಕಟ್ಟಿನವರೂ ಮತ್ತೆ ಬಿಲ್ಲುಗಳನ್ನೆತ್ತಿಕೊಂಡು ದಂಗೆಯೆದ್ದರು.