ಹಿಂದಿನಿಂದ ಗುದ್ದಿದ್ದು ಅವರು, ಕ್ಲೇಮು ಮಾತ್ರ ನಮ್ಮದರಲ್ಲಿ: ಯಾಕೆ ಹೀಗೆ?

ಭರತ ಹುಣ್ಣಿಮೆ ಹೊತ್ತಿಗೆ ಮೈಲಾರದ ದಾರಿ ಹೇಗಿರುತ್ತೆ ಅಂತ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಹಡಗಲಿ ಕಡೆಯಿಂದ, ಹರಪನಹಳ್ಳಿ ಕಡೆಯಿಂದ, ಹೊಳೆ ಆಚೆಯ ಗುತ್ತಲ ಕಡೆಯಿಂದ ಜನ ಬರ್ತಾನೇ ಇರ್ತಾರೆ. ಸವಾರಿ ಬಂಡಿ, ಟ್ರ್ಯಾಕ್ಟರ್, ಟಾಟಾ ಏಸ್, ಬೈಕು, ಕಾರು ಎಲ್ಲಾ ಒಂದೇ ಸಾಲಿನಲ್ಲಿ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದ ಮೇಲೆ ಆ ಸಾಲು ಒಟ್ಟಿಗೇ ಹಿಂದಿರುಗುತ್ತೆ. ಮುಂದಿನವನು ಬ್ರೇಕ್ ಹಾಕ್ತಾನೆ, ಹಿಂದಿನವನು ತಂದು ಗುದ್ದುತ್ತಾನೆ. ಬಂಪರ್ ಸೀಳುತ್ತೆ, ಹಿಂದಿನ ಲೈಟು ಒಡೆಯುತ್ತೆ. ಯಾರಿಗೂ ಏನೂ ಆಗಿರಲ್ಲ. ಎರಡು ನಿಮಿಷ ಜಗಳ, ಆಮೇಲೆ ಯಾರೋ ಹಿರಿಯರು ಬಂದು "ಇರಲಿ ಬಿಡ್ರಪ್ಪ, ಸ್ವಾಮಿ ಜಾತ್ರಿಗೆ ಬಂದೀರಿ" ಅಂತ ಕಳಿಸ್ತಾರೆ.

ಜಗಳ ಅಲ್ಲಿಗೆ ಮುಗಿಯುತ್ತೆ. ಖರ್ಚು ಮುಗಿಯಲ್ಲ. ಮರುದಿನ ಗಾಡಿಯನ್ನು ಶೋರೂಮಿಗೆ ಒಯ್ದರೆ ಅವರು ಕೇಳೋದು ನಿಮ್ಮ ಪಾಲಿಸಿ. "ಗುದ್ದಿದವರು ಅವರು ಕಣ್ರಿ, ಅವರ ಇನ್ಶೂರೆನ್ಸಿನಿಂದ ತಗೊಳ್ಳಿ" ಅಂದರೆ ಕೌಂಟರಿನಲ್ಲಿ ಕೂತವರು ನಗ್ತಾರೆ. ತಪ್ಪು ಒಬ್ಬರದು, ಕ್ಲೇಮು ಇನ್ನೊಬ್ಬರದು. ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ನಾವು ಮದ್ರಾಸ್ ಪ್ರಾಂತ್ಯದ ಕಾಲಕ್ಕೆ ಹೋಗಬೇಕಾಗುತ್ತೆ.

ಜೀವಕ್ಕಾಗಿ ಬಂದ ಕಾನೂನು

ಮೋಟಾರು ಗಾಡಿಗಳು ರಸ್ತೆಗೆ ಬಂದ ಹೊಸದರಲ್ಲಿ ಅಪಘಾತಕ್ಕೆ ಪರಿಹಾರ ಬೇಕಾದರೆ ಸಿವಿಲ್ ಕೋರ್ಟೇ ಗತಿ. ಕೋರ್ಟಿನಲ್ಲಿ ಗೆದ್ದರೂ ಗುದ್ದಿದವನ ಹತ್ತಿರ ದುಡ್ಡು ಇಲ್ಲದಿದ್ದರೆ ತೀರ್ಪಿನ ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಇಂಗ್ಲೆಂಡಿನಲ್ಲೂ ಇದೇ ತಾಪತ್ರಯ. ಅದಕ್ಕೆ ಅಲ್ಲಿ 1930ರಲ್ಲಿ ರಸ್ತೆ ಸಂಚಾರ ಕಾನೂನು ಮಾಡಿ, ರಸ್ತೆಗಿಳಿಯುವ ಪ್ರತಿ ಮೋಟಾರು ಗಾಡಿಗೂ ಬೇರೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ ಮಾಡಿದರು. ಇದೇ ನಾವು ಹೇಳುವ ಥರ್ಡ್ ಪಾರ್ಟಿ ಇನ್ಶೂರೆನ್ಸು. ಗಾಡಿ ಮಾಲೀಕ ಒಂದನೆಯವನು, ವಿಮಾ ಕಂಪನಿ ಎರಡನೆಯದು, ಏಟು ತಿಂದವನು ಮೂರನೆಯವನು.

ನಮ್ಮಲ್ಲಿ 1914ರಲ್ಲೇ ಮೋಟಾರು ವಾಹನ ಕಾನೂನು ಇತ್ತು. ಅದರ ಜಾಗಕ್ಕೆ 1939ರ ಕಾನೂನು ಬಂತು. ಅದರ ಎಂಟನೇ ಅಧ್ಯಾಯದಲ್ಲಿ ಕಡ್ಡಾಯ ವಿಮೆ ಇತ್ತಾದರೂ ಆ ಅಧ್ಯಾಯ ಜಾರಿಗೆ ಬಂದಿದ್ದು 1946ರ ಜುಲೈ 1ಕ್ಕೆ. ಆಗ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಲ್ಲಾ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹೊಳೆ ದಾಟಿದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹರಪನಹಳ್ಳಿ ದಾಟಿ ದಾವಣಗೆರೆಗೆ ಹೋದರೆ ಮೈಸೂರು ಮಹಾರಾಜರ ಸೀಮೆ. ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದರೆ ನಮ್ಮ ಭಾಗಕ್ಕೆ ಥರ್ಡ್ ಪಾರ್ಟಿ ವಿಮೆ ಬಂದಿದ್ದು ಕನ್ನಡ ನಾಡಿನೊಂದಿಗೆ ಸೇರುವ ಮೊದಲೇ, ಮದ್ರಾಸಿನ ದಾರಿಯಿಂದ.

ಇಲ್ಲಿ ಒಂದು ವಿಷಯ ಗಮನಿಸಬೇಕು. 1946ರ ಆ ಕಡ್ಡಾಯ ವಿಮೆ ನೋಡಿದ್ದು ಸಾವು ಮತ್ತು ಗಾಯ ಎರಡನ್ನೇ. ಒಡೆದ ಬಂಡಿ, ಬಿದ್ದ ಗೋಡೆ, ಜಜ್ಜಿದ ಕಾರು ಅದರ ಲೆಕ್ಕದಲ್ಲೇ ಇರಲಿಲ್ಲ. ಜೀವ ಮುಖ್ಯ, ತಗಡು ಆಮೇಲೆ ಅನ್ನೋದು ಅದರ ಧೋರಣೆ. ಅದು ಸರಿಯೇ. ಆದರೆ ಆ "ಆಮೇಲೆ" ಬರೋದಕ್ಕೆ ಇನ್ನೂ ಸುಮಾರು ಕಾಲು ಶತಮಾನ ಹಿಡಿಯಿತು.

ತಗಡಿಗೆ 2,000 ರೂಪಾಯಿ

1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ನ್ಯಾಯಮಂಡಳಿಗಳು ಬಂದವು. ನಮ್ಮ ತಾಲೂಕು ಕೋರ್ಟಿನಲ್ಲಿ ವಕೀಲರು "ಎಂವಿಸಿ ಕೇಸು" ಅನ್ನೋದು ಇದನ್ನೇ. 1969ರ ತಿದ್ದುಪಡಿಯಲ್ಲಿ ಮೊದಲ ಸಲ ಬೇರೆಯವರ ಆಸ್ತಿ ಹಾನಿಯನ್ನೂ ಕಡ್ಡಾಯ ವಿಮೆಯೊಳಗೆ ತಂದರು. ಮಿತಿ ಒಟ್ಟು 2,000 ರೂಪಾಯಿ. 1982ರಲ್ಲಿ ಅದನ್ನು 6,000ಕ್ಕೆ ಏರಿಸಿದರು. 1989ರ ಜುಲೈ 1ಕ್ಕೆ ಜಾರಿಗೆ ಬಂದ 1988ರ ಹೊಸ ಮೋಟಾರು ವಾಹನ ಕಾನೂನಿನಲ್ಲೂ ಅದೇ 6,000 ಮುಂದುವರಿಯಿತು. ಸಾವು ಗಾಯದ ಪರಿಹಾರಕ್ಕೆ ಮಿತಿ ತೆಗೆದರು, ಆಸ್ತಿಗೆ ಮಾತ್ರ ಹಳೇ ಅಂಕಿಯೇ ಉಳಿಯಿತು.

ಪಾಲಿಸಿಗಳಲ್ಲಿ ಈಗ ಈ ಮಿತಿ ದೊಡ್ಡದಿದೆ. ಕಾರಿಗೆ 7.5 ಲಕ್ಷ, ಬೈಕಿಗೆ 1 ಲಕ್ಷ. ಆದರೆ ನೂರಿನ್ನೂರು ರೂಪಾಯಿ ಉಳಿಸೋದಕ್ಕೆ ಮತ್ತೆ 6,000ಕ್ಕೆ ಇಳಿಸಿಕೊಳ್ಳುವ ಅವಕಾಶವನ್ನೂ ಬಿಟ್ಟಿದ್ದಾರೆ. ನಿಮ್ಮ ಪಾಲಿಸಿಯಲ್ಲಿ ಯಾವ ಅಂಕಿ ಇದೆ ಅಂತ ಒಮ್ಮೆ ತೆಗೆದು ನೋಡಿ. ಜಾತ್ರೆ ದಾರಿಯಲ್ಲಿ ನಿಮ್ಮ ಕಾರು ಒಂದು ಬಂಡಿಗೆ ಹಿಂದಿನಿಂದ ಗುದ್ದಿ ಎತ್ತಿಗೆ ಪೆಟ್ಟಾದರೆ ಅದೂ "ಬೇರೆಯವರ ಆಸ್ತಿ"ಯೇ. ಒಂದು ಜೋಡಿ ಎತ್ತಿನ ಬೆಲೆ ಎಷ್ಟು ಅಂತ ನಿಮಗೆ ಗೊತ್ತು. 6,000ಕ್ಕೆ ಏನು ಬರುತ್ತೆ?

ಕಂಪನಿಗಳ ಒಳ ಒಪ್ಪಂದ

ಈಗ ಮೂಲ ಪ್ರಶ್ನೆಗೆ ಬರೋಣ. ಕಾನೂನು ಪ್ರಕಾರ ಗುದ್ದಿದವನ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಬಂಪರಿನ ದುಡ್ಡು ಬರಬೇಕು. ಆದರೆ ಥರ್ಡ್ ಪಾರ್ಟಿ ಪರಿಹಾರದ ದಾರಿ ನ್ಯಾಯಮಂಡಳಿಯ ದಾರಿ. ಪೊಲೀಸ್ ದೂರು, ವಕೀಲರು, ವಾಯಿದೆ. ಹತ್ತು ಸಾವಿರದ ಬಂಪರಿಗೆ ಯಾರು ಅಲೆದಾಡ್ತಾರೆ? ಕಂಪನಿಗಳಿಗೂ ಪ್ರತಿ ಸಣ್ಣ ಡಿಕ್ಕಿಗೆ ಒಬ್ಬರ ಮೇಲೊಬ್ಬರು ವಸೂಲಿಗೆ ಬೀಳೋದು ಬೇಡವಾಗಿತ್ತು. ಅದಕ್ಕೆ ಅವು ತಮ್ಮ ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡವು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪದ್ಧತಿಗೆ "ನಾಕ್ ಫಾರ್ ನಾಕ್" ಅಂತ ಹೆಸರು. ಯಾರದೇ ತಪ್ಪಿರಲಿ, ಪ್ರತಿ ಕಂಪನಿ ತನ್ನ ಗಿರಾಕಿಯ ಗಾಡಿಯನ್ನು ತಾನೇ ರಿಪೇರಿ ಮಾಡಿಸುತ್ತೆ, ಇನ್ನೊಂದು ಕಂಪನಿಯ ಹತ್ತಿರ ವಸೂಲಿಗೆ ಹೋಗಲ್ಲ. ನಮ್ಮ ಹೊಲದ ಬದುವಿನ ಹಾಗೆ: ನಿನ್ನ ಕಡೇದು ನೀನು ನೋಡ್ಕೋ, ನನ್ನ ಕಡೇದು ನಾನು ನೋಡ್ಕೋತೀನಿ.

1973ರ ಜನವರಿ 1ರಿಂದ ಇಂಥ ವಿಮೆ ಪೂರ್ತಿ ಸರ್ಕಾರದ ಕೈಗೆ ಬಂತು. 107 ಕಂಪನಿಗಳನ್ನು ಸೇರಿಸಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಅಂತ ನಾಲ್ಕು ಮಾಡಿದರು. ನಾಲ್ಕೂ ಸರ್ಕಾರದ್ದೇ ಆದಾಗ ಈ ಜೇಬಿನಿಂದ ಆ ಜೇಬಿಗೆ ವಸೂಲಿ ಮಾಡೋದರಲ್ಲಿ ಅರ್ಥವೇ ಇರಲಿಲ್ಲ. 1999ರ ಕಾನೂನಿನ ನಂತರ ಖಾಸಗಿ ಕಂಪನಿಗಳು ಬಂದವು. ಪದ್ಧತಿ ಬದಲಾಗಲಿಲ್ಲ.

ಕಂಪನಿಗಳಿಗೆ ಇದರಿಂದ ಅನುಕೂಲವೇ. ತಪ್ಪಿಲ್ಲದೆ ಏಟು ತಿಂದವರಿಗೆ ಮಾತ್ರ ನಷ್ಟ. ಒಂದು ಲೆಕ್ಕ ಹಾಕಿ ನೋಡೋಣ.

12,000ದ ಲೆಕ್ಕ

ನಾಲ್ಕೂವರೆ ವರ್ಷದ ಕಾರು, ಒಮ್ಮೆಯೂ ಕ್ಲೇಮು ಮಾಡಿಲ್ಲ ಅಂತ ಇಟ್ಟುಕೊಳ್ಳಿ. ಹಿಂದಿನಿಂದ ಯಾರೋ ಗುದ್ದಿದರು. ಬಂಪರಿಗೆ 6,000, ಡಿಕ್ಕಿ ಬಾಗಿಲಿನ ತಗಡಿಗೆ 4,000, ಕೂಲಿ 2,000. ಒಟ್ಟು 12,000.

2002ರ ಅಖಿಲ ಭಾರತ ಮೋಟಾರ್ ಟ್ಯಾರಿಫ್ ಹಾಕಿಕೊಟ್ಟ ಸವಕಳಿ ಪಟ್ಟಿ ಇವತ್ತಿಗೂ ಸಾಮಾನ್ಯ ಪಾಲಿಸಿಗಳಲ್ಲಿದೆ. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಶೇ 50 ಕಡಿತ. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ, ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ 35. ಹಿಂದೆ ಅಂಬಾಸಿಡರ್ ಕಾರಿಗೆ ಹೊಳೆಯುವ ಕಬ್ಬಿಣದ ಬಂಪರ್ ಇತ್ತು. ಈಗಿನ ಬಂಪರ್ ಪ್ಲಾಸ್ಟಿಕ್ಕು. ಹಿಂದಿನಿಂದ ಗುದ್ದಿದಾಗ ಮೊದಲು ಒಡೆಯೋದು ಅದೇ, ಹೆಚ್ಚು ಕಡಿತ ಬೀಳೋದೂ ಅದಕ್ಕೇ.

ಹಾಗಾಗಿ ಬಂಪರಿಗೆ 3,000, ತಗಡಿಗೆ 2,600, ಕೂಲಿ 2,000, ಒಟ್ಟು 7,600 ಆಯಿತು. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ಕಡ್ಡಾಯವಾಗಿ ನೀವೇ ಹಾಕಬೇಕು. ಕೈಗೆ ಬಂದಿದ್ದು 6,600.

ಇನ್ನು ನೋ ಕ್ಲೇಮ್ ಬೋನಸ್. ಕ್ಲೇಮಿಲ್ಲದ ಒಂದೊಂದು ವರ್ಷಕ್ಕೂ ಅದು ಶೇ 20, 25, 35, 45, 50 ಅಂತ ಏರುತ್ತೆ. ಐದು ವರ್ಷ ತುಂಬಿದಾಗ ನಿಮಗೆ ಶೇ 50 ಸಿಗಬೇಕಿತ್ತು. ಕ್ಲೇಮು ಮಾಡಿದ್ದಕ್ಕೆ ಸೊನ್ನೆಯಾಯಿತು. ಸ್ವಂತ ಗಾಡಿ ಹಾನಿಯ ಪ್ರೀಮಿಯಂ 8,000 ಅಂತ ಹಿಡಿದರೆ, 4,000 ಕಟ್ಟಬೇಕಾದವರು ಪೂರ್ತಿ 8,000 ಕಟ್ತೀರಿ. ಅದರ ಮುಂದಿನ ವರ್ಷ ಶೇ 20 ಬೋನಸ್ಸಿನಲ್ಲಿ 6,400. ಎರಡು ವರ್ಷದಲ್ಲಿ ಹೆಚ್ಚಿಗೆ ಹೋಗಿದ್ದು 4,000 ಮತ್ತು 2,400, ಅಂದರೆ 6,400. ಬಂದಿದ್ದು 6,600. ಉಳಿದಿದ್ದು 200 ರೂಪಾಯಿ. ಮೂರನೇ ವರ್ಷಕ್ಕೆ ಅದೂ ಹೋಗುತ್ತೆ.

ಬೋನಸ್ಸಿನ ಹೆಸರೇ "ನೋ ಕ್ಲೇಮ್". ತಪ್ಪು ಯಾರದು ಅಂತ ಅದು ಕೇಳಲ್ಲ. "ಬಂಪರ್ ಟು ಬಂಪರ್" ಅಂತ ನಾವು ಕರೆಯುವ ಪಾಲಿಸಿ ಇದ್ದರೆ ಸವಕಳಿ ಉಳಿಯುತ್ತೆ, ಬೋನಸ್ ಉಳಿಸಲು ಬೇರೆ ದುಡ್ಡು ಕಟ್ಟಬೇಕು. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಸ್ವಂತ ಕಂಪನಿಯಿಂದ ಏನೂ ಬರಲ್ಲ.

ತಪ್ಪು ಯಾರದು ಅನ್ನುವ ಪ್ರಶ್ನೆ

ಹಿಂದಿನಿಂದ ಗುದ್ದಿದವನದೇ ತಪ್ಪು ಅಂತ ನಾವೆಲ್ಲಾ ಹೇಳ್ತೀವಿ. ಇದಕ್ಕೆ ಕಾನೂನಿನ ಬೇರಿದೆ. 1989ರ ರಸ್ತೆ ನಿಯಮಗಳ 23ನೇ ನಿಯಮ ಹೇಳಿದ್ದು ಇಷ್ಟೇ: ಮುಂದಿನ ಗಾಡಿ ಏಕಾಏಕಿ ನಿಂತರೂ ಗುದ್ದದಷ್ಟು ಅಂತರ ಹಿಂದಿನವನು ಇಟ್ಟುಕೊಳ್ಳಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಲಾರಿಯ ಹಿಂದೆ ತೀರಾ ಹತ್ತಿರ ಹೋಗುತ್ತಿದ್ದ ಕಾರಿನ ಪ್ರಕರಣದಲ್ಲಿ ಇದೇ ನಿಯಮ ಹಿಡಿದು ಕಾರು ಚಾಲಕನದೇ ನಿರ್ಲಕ್ಷ್ಯ ಅಂದಿತು.

ಆದರೆ ಪಕ್ಕದ 24ನೇ ನಿಯಮವೂ ಇತ್ತು. ಸುರಕ್ಷತೆಗೆ ಬೇಕಾದಾಗ ಬಿಟ್ಟರೆ ಏಕಾಏಕಿ ಬ್ರೇಕ್ ಹಾಕಬಾರದು. 2025ರಲ್ಲಿ ಸುಪ್ರೀಂ ಕೋರ್ಟ್, ಹೆದ್ದಾರಿಯಲ್ಲಿ ಸೂಚನೆ ಕೊಡದೆ ದಿಢೀರ್ ನಿಲ್ಲಿಸಿದ ಕಾರಿನವರ ಮೇಲೂ ಹೊಣೆ ಹೊರಿಸಿತು. ರಾತ್ರಿ ಹಿಂದಿನ ಲೈಟಿಲ್ಲದೆ, ರೇಡಿಯಂ ಸ್ಟಿಕ್ಕರ್ ಇಲ್ಲದೆ ಟ್ರೇಲರ್ ನಿಲ್ಲಿಸುವ ನಮ್ಮ ಟ್ರ್ಯಾಕ್ಟರಿನವರು ಇದನ್ನು ನೆನಪಿಡಬೇಕು.

ಬಸ್ಸು, ಸರ್ಕಾರಿ ಜೀಪು ಗುದ್ದಿದರೆ?

ಎಲ್ಲಾ ಗಾಡಿಗೂ ಕಂಪನಿ ವಿಮೆ ಇರಲ್ಲ. ಅಪಘಾತ ಪರಿಹಾರಕ್ಕೆ ಪ್ರತ್ಯೇಕ ನಿಧಿ ಇಟ್ಟ ಸಾರಿಗೆ ನಿಗಮಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡಲು ಕಾನೂನಿನಲ್ಲೇ ಜಾಗವಿದೆ. ಅಲ್ಲಿ ನೀವು ಕೇಳಬೇಕಾದದ್ದು ನಿಗಮವನ್ನೇ. ರಾಜ್ಯ ಸರ್ಕಾರದ ಗಾಡಿಗಳಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ವಿಮೆ ಇರುತ್ತೆ. ಈ ಇಲಾಖೆ ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ನೌಕರರ ಜೀವ ವಿಮೆಗಾಗಿ ಶುರುವಾದದ್ದು.

ರಾಜಿ ಮತ್ತು ಕಾಗದ

ರಸ್ತೆ ಬದಿಯ ರಾಜಿ ಕೆಟ್ಟದ್ದಲ್ಲ. ಮೇಲಿನ ಲೆಕ್ಕ ನೋಡಿದರೆ, ಗುದ್ದಿದವನೇ ಗ್ಯಾರೇಜಿಗೆ ಬಂದು ದುಡ್ಡು ಕೊಟ್ಟರೆ ಏಟು ತಿಂದವರಿಗೆ ಅದೇ ಲಾಭ. ಸಣ್ಣ ಹಾನಿಗೆ ಕಾನೂನು ಸರಿಯಾದ ದಾರಿ ಮಾಡಲಿಲ್ಲ, ಊರಿನ ಹಿರಿಯರು ಮಾಡಿದರು. ಆದರೆ ರಾಜಿಗೂ ಕ್ರಮವಿರಬೇಕು.

ಮೊದಲನೆಯದು, ಗಾಡಿ ತೆಗೆಯುವ ಮುಂಚೆ ಎರಡೂ ಗಾಡಿಯ ನಂಬರು ಕಾಣುವ ಹಾಗೆ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಗುದ್ದಿದವರು ಗಾಡಿ ನಿಲ್ಲಿಸಿ ಹೆಸರು, ವಿಳಾಸ ಕೊಡಬೇಕು ಅಂತ ಕಾನೂನಿದೆ.

ಎರಡನೆಯದು, ಗುದ್ದಿದವರು ನೀವೇ ಆಗಿದ್ದರೆ "ತಪ್ಪು ನಂದೇ, ಎಲ್ಲಾ ನಾನೇ ಕೊಡ್ತೀನಿ" ಅಂತ ಬರೆದು ಸಹಿ ಹಾಕಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಮಾತು ಕೊಡಬಾರದು ಅನ್ನುವ ಷರತ್ತು ಪಾಲಿಸಿಯಲ್ಲೇ ಇರುತ್ತೆ. ಮುಂದೆ ಕ್ಲೇಮಿಗೆ ಅದೇ ಅಡ್ಡ ಬರುತ್ತೆ. ಸಣ್ಣದನ್ನು ನಿಮ್ಮ ಕೈಯಿಂದಲೇ ಮುಗಿಸುವುದಾದರೆ ದುಡ್ಡು ಕೊಟ್ಟು, ಪೂರ್ತಿ ಮುಗಿಯಿತು ಅಂತ ಅವರಿಂದ ಬರೆಸಿಕೊಳ್ಳಿ.

ಮೂರನೆಯದು, ಕ್ಲೇಮು ಮಾಡುವ ಅನುಮಾನವಿದ್ದರೂ ಅದೇ ದಿನ ಕಂಪನಿಗೆ ತಿಳಿಸಿ. ಕಂಪನಿಯವರು ನೋಡುವ ಮುಂಚೆ ಗಾಡಿ ಬಿಚ್ಚಿಸಬೇಡಿ. ರಿಪೇರಿ ಅಂದಾಜು ಬಂದ ಮೇಲೆ ಮೇಲಿನ ಹಾಗೆ ಲೆಕ್ಕ ಹಾಕಿ, ಬೇಕೋ ಬೇಡವೋ ಅಂತ ಆಗ ತೀರ್ಮಾನಿಸಿ.

ನಾಲ್ಕನೆಯದು, ಬೈಕಿನವರು ಬಿದ್ದಿದ್ದರೆ, ಯಾರಿಗಾದರೂ ಕುತ್ತಿಗೆ ಸೊಂಟ ಹಿಡಿದುಕೊಂಡಿದ್ದರೆ ಅಲ್ಲಿ ರಾಜಿ ಬೇಡ. ಆಸ್ಪತ್ರೆ ಚೀಟಿ, ಸ್ಟೇಷನ್ನಿನಲ್ಲಿ ದೂರು ಎರಡೂ ಆಗಲಿ. ನೋವು ಮರುದಿನ ಗೊತ್ತಾಗುತ್ತೆ. ನ್ಯಾಯಮಂಡಳಿಗೆ ಅರ್ಜಿ ಹಾಕಲು 2022ರ ಏಪ್ರಿಲ್‌ನಿಂದ ಕಾನೂನು ಇಟ್ಟ ಗಡುವು ಆರೇ ತಿಂಗಳು.

ಕಂಪನಿ ಕ್ಲೇಮು ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ಇದೆ.

ಇನ್ನೊಂದು ಮಾತು. "ನಾಕ್ ಫಾರ್ ನಾಕ್" ಕಂಪನಿ ಕಂಪನಿಗಳ ನಡುವಿನ ಒಪ್ಪಂದ. ಅದಕ್ಕೆ ನೀವು ಸಹಿ ಹಾಕಿಲ್ಲ. ಹಾನಿ ದೊಡ್ಡದಿದ್ದು ನಿಮ್ಮ ಪಾಲಿಸಿಯಿಂದ ಅದನ್ನು ಪಡೆದಿಲ್ಲವಾದರೆ, ಗುದ್ದಿದವರ ವಿಮೆಯಿಂದ ಕೇಳುವ ಹಕ್ಕು ನಿಮಗೆ ಹಾಗೇ ಇದೆ. 1969ರಲ್ಲಿ ಬರೆದ ಆ ಹಕ್ಕನ್ನು ಇವತ್ತಿನವರೆಗೂ ಯಾರೂ ಅಳಿಸಿಲ್ಲ. ಬಳಸುವವರು ಕಡಿಮೆ, ಅಷ್ಟೇ.