ಎರಡು ಗೇಜುಗಳ ನಡುವೆ ಹಮಾಲರು

ಇಂದು ಮೈಸೂರಿನಲ್ಲಿ ತುಂಬಿದ ವ್ಯಾಗನ್ನು ನಡುವೆ ಸರಕು ಇಳಿಸದೆ ಚೆನ್ನೈ ಸೇರಬಲ್ಲದು. ಹಿಂದೆ ಹಾಗಿರಲಿಲ್ಲ.

1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ಬಂದ ರೈಲುಮಾರ್ಗ ಬ್ರಾಡ್‌ಗೇಜ್. ಅದರ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. 1870ರಲ್ಲಿ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಖರ್ಚು ತಗ್ಗಿಸಲೆಂದು ಸರ್ಕಾರ 1000 ಮಿಲಿಮೀಟರಿನ ಮೀಟರ್‌ಗೇಜನ್ನು ಆರಿಸಿಕೊಂಡಿತು. 1882ರಲ್ಲಿ ಬೆಂಗಳೂರಿನಿಂದ ಮೈಸೂರು ತಲುಪಿದ ಮಾರ್ಗ ಈ ಮೀಟರ್‌ಗೇಜಿನದು.

ಪರಿಣಾಮವೇನಾಯಿತೆಂದು ಯೋಚಿಸಿ. ಒಂದು ಗೇಜಿನ ವ್ಯಾಗನ್ನು ಇನ್ನೊಂದರ ಮೇಲೆ ಓಡದು. ಮೈಸೂರಿನಿಂದ ಬೆಂಗಳೂರಿನ ಮೂಲಕ ಮದ್ರಾಸಿಗೆ ಹೋಗುವ ಸರಕನ್ನು ಬೆಂಗಳೂರಿನಲ್ಲಿ ಇಳಿಸಿ, ಬೇರೆ ವ್ಯಾಗನ್ನಿಗೆ ತುಂಬಲೇಬೇಕಿತ್ತು. ಇದರಿಂದ ಸಮಯ ಹಾಳಾಗುತ್ತಿತ್ತು, ಚೀಲ ಹರಿಯುತ್ತಿತ್ತು, ಕಾಳು ಸೋರುತ್ತಿತ್ತು, ಕಳವಿಗೂ ಅವಕಾಶವಾಗುತ್ತಿತ್ತು. ದೇಶದಲ್ಲಿ ಎರಡು ಗೇಜು ಕೂಡುವ ಕಡೆಗಳಲ್ಲೆಲ್ಲ ಇದೇ ಕಥೆ.

ಆ ಮೂಟೆಗಳನ್ನು ಹೊತ್ತವರು ಹಮಾಲರು. ಅರಬ್ಬಿಯ 'ಹಮ್ಮಾಲ್' ಎಂದರೆ ಹೊರುವವನು. ನಮ್ಮ ಪದದ ಮೂಲ ಅದೇ. ಹಳಿ ಹಾಕುವಾಗ ಸರ್ಕಾರ ಉಳಿಸಿದ ಹಣಕ್ಕೆ ಇವರ ಬೆನ್ನು ನೂರಕ್ಕೂ ಹೆಚ್ಚು ವರ್ಷ ಬೆಲೆ ತೆತ್ತಿತು.

1992ರಲ್ಲಿ ದೇಶಕ್ಕೆಲ್ಲ ಬಹುಪಾಲು ಒಂದೇ ಗೇಜು ತರುವ ಯೋಜನೆ ಆರಂಭವಾಯಿತು. ಆ ದಶಕದಲ್ಲೇ ಮೈಸೂರು ಮಾರ್ಗ ಬ್ರಾಡ್‌ಗೇಜ್ ಆಯಿತು. ಒಳ್ಳೆಯದೇ ಆಯಿತು, ಆದರೆ ಆ ದುಡಿಮೆಯ ನೆನಪು ಮಾಸುತ್ತಿದೆ.

ನಿಮ್ಮ ಊರಿನ ಗೂಡ್ಸ್ ಶೆಡ್ಡಿನಲ್ಲಿ ಅಂದು ಮೂಟೆ ಹೊತ್ತ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಕುಳಿತು ಕೇಳಿ, ಬರೆದಿಡಿ. ಇತಿಹಾಸ ಅವರದೂ ಹೌದು.