ಸೊಲ್ಲಾಪುರ ವಿಶ್ವವಿದ್ಯಾಲಯ: ವಿದ್ಯಾರ್ಥಿಗಳಿಗೆ ನೆರವಿನ ವ್ಯವಸ್ಥೆ

2004ರ ಆಗಸ್ಟ್ 1ರಂದು ಆರಂಭವಾದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರಿಡಲಾಯಿತು. ಕನ್ನಡಿಗರು ಹೆಚ್ಚಾಗಿರುವ ಅಕ್ಕಲಕೋಟೆ ಸೇರಿದಂತೆ ಸೊಲ್ಲಾಪುರ ಜಿಲ್ಲೆ ಇದರ ವ್ಯಾಪ್ತಿಗೆ ಬರುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಮಹಾರಾಷ್ಟ್ರದ 2016ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯಂತೆ ವಿದ್ಯಾರ್ಥಿಗಳ ಕಲ್ಯಾಣ, ಸಾಂಸ್ಕೃತಿಕ ಚಟುವಟಿಕೆಗಳು ವಿದ್ಯಾರ್ಥಿ ವಿಕಾಸ ಮಂಡಳಿಯ ಹೊಣೆ.

ಶುಲ್ಕ ಮರಳಿಸದಿರುವುದು, ಫಲಿತಾಂಶದ ವಿಳಂಬ, ಕೋರ್ಸ್ ಬಿಟ್ಟು ಕಲಬುರಗಿ, ವಿಜಯಪುರದ ಕಡೆ ಹೊರಟವರ ಮೂಲ ಪ್ರಮಾಣಪತ್ರ ತಡೆಹಿಡಿಯುವುದು ಮುಂತಾದ ದೂರುಗಳನ್ನು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಲಿಖಿತವಾಗಿ ಕೊಡಬಹುದು. ಯುಜಿಸಿಯ 2023ರ ನಿಯಮದಂತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಲೋಕಪಾಲರಿಗೆ ಮೇಲ್ಮನವಿ ಸಲ್ಲಿಸಬೇಕು. ಆದ್ದರಿಂದ ದೂರಿನ ಪ್ರತಿ, ಸ್ವೀಕೃತಿ ಪತ್ರ ಜೋಪಾನವಾಗಿಡುವುದು ಅಗತ್ಯ.

ರ‍್ಯಾಗಿಂಗ್ ದೂರಿಗೆ ರಾಷ್ಟ್ರೀಯ ಸಹಾಯವಾಣಿ: 1800-180-5522.